ರಕ್ಕಸನ ಕಾಲು ಜಾರುತ್ತಿದೆ!

ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸು ನಡುದಾರಿಯಲ್ಲಿ ಉಸಿರು ಬಿಡುವ ಊರು ಮಂಚಿಕೇರಿ. ಅಲ್ಲಿ ಇಳಿದವರು ಅಡಿಕೆ ರೇಟು ಕೇಳುತ್ತಾರೆ, ಮಳೆ ಕೇಳುತ್ತಾರೆ, ಹಿಂದಿನ ಬಸ್ಸು ಬಂತೋ ಇಲ್ಲವೋ ಎಂದು ಕೇಳುತ್ತಾರೆ. ರಾಕ್ಷಸನಿಗೆ ನಡೆಯಲು ಕಲಿಸುವುದು ಹೇಗೆ ಎಂದು ಕೇಳುವವರು ಯಾರೂ ಇಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಬಲ್ಲ ಜನ ಈ ರಸ್ತೆಯ ಆಚೀಚೆಯೇ ಇದ್ದಾರೆ ಎಂದರೆ ನಗಬೇಡಿ.

ಒಬ್ಬ ಹುಡುಗ ಇದ್ದಾನೆಂದು ಇಟ್ಟುಕೊಳ್ಳಿ. ಮಂಚಿಕೇರಿಯವನೆಂದೇ ಇಟ್ಟುಕೊಳ್ಳಿ. ಉಪ್ಪರಿಗೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ತಾನೇ ಒಂದು ಗೇಮು ಮಾಡುತ್ತಿದ್ದಾನೆ. 'ಬ್ಲೆಂಡರ್' ಎಂಬ ತಂತ್ರಾಂಶದಲ್ಲಿ ಗೊಂಬೆ ಮಾಡಿದ್ದಾನೆ. 2002ರಿಂದ ಅದು ಪುಕ್ಕಟೆ, ಕಾಸು ಕೊಡಬೇಕಿಲ್ಲ. ಎಂಟು ಅಡಿ ಎತ್ತರದ ರಕ್ಕಸ. ಕೋರೆಹಲ್ಲು ಉಂಟು, ಕೊಂಬು ಉಂಟು, ಬೆನ್ನ ಮೇಲೆ ಮುಳ್ಳು ಉಂಟು. ನಿಂತಲ್ಲಿ ನಿಂತರೆ ಮಕ್ಕಳು ಹೆದರಬೇಕು, ಹಾಗಿದ್ದಾನೆ. ನಡೆಯಲು ಹೊರಟನೋ, ಮುಗಿಯಿತು! ಮಳೆಗಾಲದ ಪಾಚಿಯ ಮೇಲೆ ಕಾಲಿಟ್ಟವರ ಹಾಗೆ ಸುಯ್ಯನೆ ಜಾರುತ್ತಾನೆ. ಹೆದರಬೇಕಾದವರು ನಗುತ್ತಾರೆ.

ಮಕ್ಕಳಾಟ ಎಂದು ತಳ್ಳಿಹಾಕುವ ಮಾತಲ್ಲ ಇದು. 2012ರಲ್ಲಿ ಕರ್ನಾಟಕ ಸರ್ಕಾರ ಅನಿಮೇಷನ್, ಗೇಮು ಉದ್ಯಮಕ್ಕೆಂದೇ ಒಂದು ನೀತಿ ತಂದಿತು. ದೇಶದಲ್ಲಿ ಅದೇ ಮೊದಲು. ಬೆಂಗಳೂರಿನಲ್ಲಿ ಈ ಕೆಲಸ ಕೇಳಿಕೊಂಡು ಹೋದ ಹುಡುಗನನ್ನು ಮಾರ್ಕ್ಸ್ ಕಾರ್ಡಿಗಿಂತ ಮೊದಲು ಕೇಳುವುದು, 'ಏನು ಮಾಡಿದ್ದೀಯಾ ತೋರಿಸು' ಎಂದು. ತೋರಿಸಿದ್ದರಲ್ಲಿ ನೋಡುವವರ ಕಣ್ಣು ಹೋಗುವುದು ಪಾದಕ್ಕೆ. ಪಾದ ಜಾರಿತೋ, ಅವನ ಅನ್ನವೂ ಜಾರಿತು.

ತಪ್ಪು ಎಲ್ಲಿದೆ?

ಕೆಲವು ತಪ್ಪುಗಳು ಪೆದ್ದು ತಪ್ಪುಗಳು. ಕಂಡುಹಿಡಿಯಲು ಮೂರು ದಿನ, ಸರಿಮಾಡಲು ಮೂರು ನಿಮಿಷ. ರಕ್ಕಸ ಒಂದು ಕಾಲು ಎತ್ತಿದವನು ಹಾಗೇ ಕಲ್ಲಾಗಿ, ತಳ್ಳುಗಾಡಿಯಲ್ಲಿಟ್ಟ ವಿಗ್ರಹದಂತೆ ಸರಿಯುತ್ತಾ ಹೋಗುತ್ತಾನೆ. ಏಕೆ? ಗೇಮು ಸೆಕೆಂಡಿಗೆ ಅರುವತ್ತು ಸಲ ತನ್ನ ಲೆಕ್ಕ ಮಾಡುತ್ತದೆ. ಪ್ರತಿ ಸಲವೂ 'ನಡಿಗೆ ಶುರುಮಾಡು' ಎಂದು ಹೇಳಿಬಿಟ್ಟರೆ, ನಡಿಗೆ ಅರುವತ್ತು ಸಲವೂ ಮೊದಲಿನಿಂದ ಶುರುವಾಗುತ್ತದೆ. ಟೇಪ್ ರೆಕಾರ್ಡರಿನಲ್ಲಿ ಒಂದೇ ಸಮ ರಿವೈಂಡ್ ಒತ್ತುತ್ತಾ ಹಾಡು ಬರಲಿಲ್ಲ ಎಂದ ಹಾಗೆ. ನಿಂತವನು ನಡೆಯಲು ತೊಡಗಿದಾಗ ಒಮ್ಮೆ ಹೇಳಿದರೆ ಸಾಕು.

ಇನ್ನೊಂದು, ಹೆಸರಿನ ತಪ್ಪು. ಗೊಂಬೆ ಮಾಡುವಾಗ ನಡಿಗೆಗೆ ಒಂದು ಹೆಸರು ಕೊಟ್ಟಿದ್ದು, ಗೇಮಿನಲ್ಲಿ ಕರೆಯುವಾಗ ಅದನ್ನೇ ಒಂದಕ್ಷರ ಬೇರೆ ಮಾಡಿ ಬರೆದರೆ ಕಂಪ್ಯೂಟರಿಗೆ ಗುರುತು ಸಿಗುವುದಿಲ್ಲ. ಬಸ್ಸಿನ ಬೋರ್ಡಿನಲ್ಲಿ 'ಯಲ್ಲಾಪುರ' ಎಂದಿದ್ದರೂ 'ಯಲ್ಲಾಪೂರ' ಎಂದಿದ್ದರೂ ನಮ್ಮ ಜನ ಹತ್ತಿ ಕೂರುತ್ತಾರೆ. ಕಂಪ್ಯೂಟರ್ ಮಾತ್ರ ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ ಮಾರಾಯ್ರೆ.

ಮತ್ತೊಂದು ಸಣ್ಣ ಕುಂಟು. ನಡಿಗೆ ಎಂಬುದು ಸುತ್ತು ಹೊಡೆಯುವ ಚಿತ್ರಮಾಲೆ. ಎಡಗಾಲು, ಬಲಗಾಲು, ಮತ್ತೆ ಎಡಗಾಲಿಗೆ ಬಂದರೆ ಒಂದು ಸುತ್ತು. ಸೆಕೆಂಡಿಗೆ 24 ಚಿತ್ರದಂತೆ ಎರಡು ಸೆಕೆಂಡಿನ ಸುತ್ತಿಗೆ 48 ಚಿತ್ರ. 49ನೆಯದು ಮೊದಲನೆಯದೇ. ಅದನ್ನೂ ಬಿಡದೆ ಸೇರಿಸಿದರೆ ಒಂದೇ ಚಿತ್ರ ಎರಡು ಸಲ ಬಂದು, ಗೀರು ಬಿದ್ದ ಗ್ರಾಮಾಫೋನ್ ಪ್ಲೇಟಿನಂತೆ ಸುತ್ತಿಗೊಮ್ಮೆ ತಡವರಿಸುತ್ತದೆ. ಕೊನೆಯದನ್ನು ಕಿತ್ತರೆ ಆಯಿತು.

ಇವೆಲ್ಲ ದಾಟಿದ ಮೇಲೆ ನಿಜವಾದ ಜಾರಾಟ ಬರುತ್ತದೆ.

ಹೆಜ್ಜೆಯ ಲೆಕ್ಕ

ಅಂಗಡಿಕಾರರಿಗೆ ಇದು ಬೇಗ ಅರ್ಥವಾದೀತು, ಯಾಕೆಂದರೆ ಇದು ಜಮಾ-ಖರ್ಚಿನ ಲೆಕ್ಕ. ಗೇಮಿನಲ್ಲಿ ರಕ್ಕಸನ ಕಾಲು ಆಡುವುದು ಬೇರೆ ಖಾತೆ, ಅವನ ಮೈ ಮುಂದೆ ಹೋಗುವುದು ಬೇರೆ ಖಾತೆ. ಕಾಲು ನಿಂತಲ್ಲೇ ಆಡುತ್ತಿರುತ್ತದೆ. ಮೈಯನ್ನು ಗೇಮು ಎಳೆದುಕೊಂಡು ಹೋಗುತ್ತದೆ. ಎರಡೂ ತಾಳೆಯಾದರೆ ನಡಿಗೆ, ಆಗದಿದ್ದರೆ ಜಾರುಬಂಡಿ.

ರಕ್ಕಸನ ಒಂದು ಹೆಜ್ಜೆ ನಾಲ್ಕು ಅಡಿ ಎನ್ನಿ. ಒಂದು ಸುತ್ತಿಗೆ ಎರಡು ಹೆಜ್ಜೆ, ಎಂಟು ಅಡಿ. ಅದಕ್ಕೆ ಹಿಡಿಯುವ ಸಮಯ ಎರಡು ಸೆಕೆಂಡು. ಅಂದರೆ ಕಾಲು ದುಡಿದದ್ದು ಸೆಕೆಂಡಿಗೆ ನಾಲ್ಕು ಅಡಿ. ಹುಡುಗ ಗೇಮಿನಲ್ಲಿ ವೇಗ ಕೊಟ್ಟದ್ದು ಸೆಕೆಂಡಿಗೆ ಹತ್ತು ಅಡಿ. ಎರಡು ಸೆಕೆಂಡಿನಲ್ಲಿ ಮೈ ಇಪ್ಪತ್ತು ಅಡಿ ಮುಂದೆ ಹೋಯಿತು. ಕಾಲಿನ ಲೆಕ್ಕದಲ್ಲಿ ಎಂಟೇ ಅಡಿ. ಉಳಿದ ಹನ್ನೆರಡು ಅಡಿ ಎಲ್ಲಿಂದ ಬಂತು? ಸಾಲದಿಂದ! ಆ ಸಾಲವೇ ಪಾದದ ಜಾರಾಟ.

ತೀರಿಸುವುದು ಹೇಗೆ? ಕಾಲನ್ನು ಎರಡೂವರೆ ಪಟ್ಟು ಚುರುಕು ಮಾಡಬಹುದು. ಲೆಕ್ಕ ಸರಿಹೋಗ್ತದೆ, ರಕ್ಕಸ ಕೆಟ್ಟುಹೋಗ್ತಾನೆ. ಎಂಟಡಿ ಆಳು ಮಣೆ ಮೇಲೆ ಕಾಳು ಹೆಕ್ಕುವ ಕೋಳಿಯ ಹಾಗೆ ಟಪಟಪ ಕಾಲು ಹಾಕುತ್ತಾನೆ. ಮೈಯ ವೇಗವನ್ನೇ ನಾಲ್ಕು ಅಡಿಗೆ ಇಳಿಸಬಹುದು. ಆಗ ರಕ್ಕಸನ ಗತ್ತು ಉಳಿಯುತ್ತದೆ. ಇಲ್ಲ, ಅವನು ಹತ್ತು ಅಡಿಯ ವೇಗದಲ್ಲಿ ಅಟ್ಟಿಸಿಕೊಂಡು ಬರಲೇಬೇಕು ಎಂದರೆ ಅದು ನಡಿಗೆ ಅಲ್ಲ, ಓಟ. ಓಟವನ್ನು ಬೇರೆಯಾಗಿಯೇ ಮಾಡಬೇಕು. ನಡಿಗೆಯನ್ನು ಜೋರಾಗಿ ತಿರುಗಿಸಿ ಓಟ ಎಂದು ಮಾರುವುದು ಹಾಲಿಗೆ ನೀರು ಬೆರೆಸಿದ ವ್ಯಾಪಾರ.

ಎಷ್ಟು ನಿಧಾನ ಎನ್ನುವುದಕ್ಕೂ ಪ್ರಕೃತಿಯಲ್ಲಿ ಲೆಕ್ಕ ಉಂಟು. ಬಾವಿಯ ಹಗ್ಗಕ್ಕೆ ಕಟ್ಟಿದ ಕೊಡ ನೋಡಿ. ಗಿಡ್ಡ ಹಗ್ಗದಲ್ಲಿ ಬೇಗ ತೂಗುತ್ತದೆ, ಉದ್ದ ಹಗ್ಗದಲ್ಲಿ ನಿಧಾನ. ಹಗ್ಗ ನಾಲ್ಕು ಪಟ್ಟು ಉದ್ದವಾದರೆ ತೂಗುವ ಸಮಯ ಎರಡು ಪಟ್ಟು. ನಡೆಯುವ ಕಾಲೂ ಸುಮಾರಾಗಿ ಹಾಗೇ ತೂಗುತ್ತದೆ. ಅಪ್ಪನ ಒಂದು ಹೆಜ್ಜೆಗೆ ಕೈಹಿಡಿದ ಮಗು ಎರಡು ಹೆಜ್ಜೆ ಹಾಕುವುದು ಸುಮ್ಮನೆ ಅಲ್ಲ.

ಈ ಗುಟ್ಟನ್ನು ಜಪಾನಿನವರು 1954ರಲ್ಲೇ ಹಿಡಿದಿದ್ದರು. 'ಗಾಡ್ಜಿಲ್ಲಾ' ಚಿತ್ರದ ದೈತ್ಯನ ಒಳಗಿದ್ದವರು ಹರುವೊ ನಕಾಜಿಮಾ ಎಂಬ ನಟ. ಸುಮಾರು ಒಂದು ಕ್ವಿಂಟಲ್ ತೂಕದ ದಿರಿಸು ಹೊತ್ತು, ಆಟಿಕೆಯಂಥ ಊರಿನ ನಡುವೆ ನಡೆಯಬೇಕು. ಅವರು ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ಆನೆ, ಕರಡಿ ಹೇಗೆ ಕಾಲಿಡುತ್ತವೆ ಎಂದು ನೋಡಿಕೊಂಡು ಬಂದರು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರ ತೆಗೆದು, ತೆರೆಯ ಮೇಲೆ ನಿಧಾನ ಮಾಡಿ ತೋರಿಸಿದರು. ಆರಡಿ ಆಳು ಐವತ್ತು ಮೀಟರಿನ ದೈತ್ಯನಾದದ್ದು ರಬ್ಬರಿನಿಂದ ಅಲ್ಲ, ಆ ನಿಧಾನದಿಂದ.

ಆನೆಗಾಗಿ ನಮ್ಮವರು ಅಷ್ಟು ದೂರ ಹೋಗಬೇಕಿಲ್ಲ. ದಾಂಡೇಲಿ ಕಾಡಿನಿಂದ ಬರುವ ಆನೆಗಳು ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಗದ್ದೆಗಳಲ್ಲಿ ಹೆಜ್ಜೆ ಗುರುತು ಬಿಟ್ಟೇ ಹೋಗುತ್ತವೆ. ಗದ್ದೆಯವರ ಪಾಲಿಗೆ ಅದು ಕಣ್ಣೀರು, ಅದು ಬೇರೆ ಮಾತು. ಆನೆ ಎಷ್ಟೇ ಜೋರಾಗಿ ಬಂದರೂ ನಾಲ್ಕೂ ಕಾಲನ್ನು ಒಟ್ಟಿಗೆ ನೆಲದಿಂದ ಎತ್ತುವುದಿಲ್ಲ. ಭಾರದ ಮೈಗೆ ಆ ಧೈರ್ಯ ಇಲ್ಲ.

ರಕ್ಕಸ ನಾಲ್ಕು ಕಾಲಿನವನಾದರೆ ಇನ್ನೊಂದು ಗುಂಡಿ ಕಾದಿದೆ. ಎಮ್ಮೆ ನಡೆಯುವಾಗ ಮೊದಲು ಎಡ ಹಿಂಗಾಲು, ಆಮೇಲೆ ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು, ಬಲ ಮುಂಗಾಲು. ದಿನಾ ಎಮ್ಮೆ ಹಿಂದೆ ಹೋಗುವವರನ್ನು ಕೇಳಿದರೂ ತಟ್ಟನೆ ಹೇಳಲಿಕ್ಕಿಲ್ಲ. ಕಲಿತವರ ಕತೆಯೂ ಅಷ್ಟೇ. ಹಂಗೇರಿಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದರೆ, ಮ್ಯೂಸಿಯಂ, ಪುಸ್ತಕ, ಆಟಿಕೆಗಳಲ್ಲಿ ನಡೆಯುವಂತೆ ತೋರಿಸಿದ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಅರ್ಧದ ಹತ್ತಿರ ತಪ್ಪು ಕಾಲು ಹಾಕಿ ನಿಂತಿದ್ದವು. ಕುದುರೆಯ ಕಾಲಿನ ಗುಟ್ಟನ್ನು ಮೈಬ್ರಿಡ್ಜ್ ಎಂಬಾತ ಸಾಲು ಫೋಟೊಗಳಲ್ಲಿ ಬಯಲು ಮಾಡಿದ್ದು 1878ರಲ್ಲಿ. ನೂರಮೂವತ್ತು ವರ್ಷ ಕಳೆದರೂ ನೋಡುವ ತಾಳ್ಮೆ ಬಂದಿರಲಿಲ್ಲ.

ಮೋಹಿನಿಯ ಹೆಜ್ಜೆ, ಭಸ್ಮಾಸುರನ ಕಾಲು

ಅವಸರದ ಹುಡುಗರು ಇನ್ನೊಂದು ದಾರಿ ಹಿಡಿಯುತ್ತಾರೆ. ಮನುಷ್ಯರ ಸಿದ್ಧ ನಡಿಗೆಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಒಂದನ್ನು ತಂದು ರಕ್ಕಸನ ಮೂಳೆಗೆ ಅಂಟಿಸಿಬಿಡುವುದು. ಆದರೆ ಅವನ ತೊಡೆ ಗಿಡ್ಡ, ಮೊಣಕಾಲ ಕೆಳಗೆ ಉದ್ದ, ತೋಳು ನೆಲ ಮುಟ್ಟುವಷ್ಟು. ಮನುಷ್ಯನ ಸೊಂಟದ ಎತ್ತರ ಅವನಿಗೆ ಹೊಂದುವುದಿಲ್ಲ. ಪಾದ ಒಂದೋ ಗಾಳಿಯಲ್ಲಿ ತೇಲುತ್ತದೆ, ಇಲ್ಲವೇ ಗಂಟಿನವರೆಗೆ ನೆಲದಲ್ಲಿ ಹೂತು ಹೋಗುತ್ತದೆ. ಮೊಣಕಾಲು ಫಟ್ಟನೆ ಸೆಟೆಯುತ್ತದೆ. ಮೋಹಿನಿಯ ಹೆಜ್ಜೆಯನ್ನೇ ಅನುಕರಿಸಲು ಹೋಗಿ ಭಸ್ಮಾಸುರ ಏನಾದ ಎಂಬುದು ಈ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ರಾತ್ರಿ ನಿದ್ದೆಗೆಟ್ಟು ನೋಡಿದ ಕಣ್ಣುಗಳು ಇನ್ನೂ ಇವೆ. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ತಂದ ಚಿಟ್ಟಾಣಿ 2017ರಲ್ಲಿ ತೀರಿಕೊಂಡರು.

ಏರುತಗ್ಗಿನ ನೆಲಕ್ಕೆ ಬೇರೊಂದು ಉಪಾಯ ಬೇಕು. ನಮ್ಮ ಮಲೆನಾಡಲ್ಲಿ ಸಮ ನೆಲ ಎಲ್ಲುಂಟು? ನಡಿಗೆಯನ್ನು ಅಂಗಳದಂಥ ಚಪ್ಪಟೆ ನೆಲದಲ್ಲಿ ಕೂಡಿಸಿ, ರಕ್ಕಸನನ್ನು ತೋಟದ ದರೆ ಹತ್ತಿಸಿದರೆ ಒಂದು ಪಾದ ಮಣ್ಣೊಳಗೆ, ಒಂದು ಪಾದ ಆಕಾಶದಲ್ಲಿ. ಗಾರೆ ಕೆಲಸದವರು ತೂಗುಗುಂಡು ಬಿಡುವಂತೆ ಪ್ರತಿ ಪಾದದಿಂದ ಕೆಳಕ್ಕೆ ಕಾಣದ ದಾರವೊಂದನ್ನು ಇಳಿಸಿ, ನೆಲ ಎಲ್ಲಿ ಸಿಕ್ಕಿತೋ ಅಲ್ಲಿಗೆ ಪಾದ ತಂದು, ಅದಕ್ಕೆ ತಕ್ಕಂತೆ ಮೊಣಕಾಲು ಮಡಿಸಬೇಕು. ಈ ಲೆಕ್ಕವನ್ನು ಈಗಿನ ತಂತ್ರಾಂಶಗಳೇ ಮಾಡಿಕೊಡುತ್ತವೆ.

ಪಾದ ನಿಂತಿತು, ಜಾರುವುದು ಬಿಟ್ಟಿತು, ಹೂಳುವುದು ಬಿಟ್ಟಿತು. ಆದರೂ ರಕ್ಕಸ ಹತ್ತಿ ತುಂಬಿದ ಚೀಲದ ಹಾಗೆ ಕಾಣುತ್ತಾನಲ್ಲ? ಇದು ಕಡೆಯ ಕಾಯಿಲೆ, ಮತ್ತು ಎಲ್ಲಕ್ಕಿಂತ ಕಠಿಣ. ಅವನಿಗೆ ತೂಕ ಇಲ್ಲ. ಕಂಪ್ಯೂಟರಿನ ಒಳಗೆ ಯಾವುದಕ್ಕೂ ತೂಕ ಇರುವುದಿಲ್ಲ, ಇದ್ದಂತೆ ನಟಿಸಬೇಕು. ಹಿಮ್ಮಡಿ ನೆಲ ಮುಟ್ಟಿದ ಗಳಿಗೆಯಲ್ಲಿ ಮೈ ನಿಲ್ಲುವುದಿಲ್ಲ, ಇನ್ನೂ ಸ್ವಲ್ಪ ಕೆಳಗೆ ಕುಸಿಯುತ್ತದೆ. ಮೊಣಕಾಲು ಆ ಭಾರವನ್ನು ತಡೆದು, ಆಮೇಲೆ ಮೇಲಕ್ಕೆ ನೂಕುತ್ತದೆ. ಸೊಂಟ ಊರಿದ ಕಾಲಿನ ಮೇಲಕ್ಕೆ ವಾಲುತ್ತದೆ. ಭಾರ ಹೆಚ್ಚಿದಷ್ಟೂ ಕುಸಿತ ಹೆಚ್ಚು, ಏಳುವುದು ತಡ. ಅಡಿಕೆ ಮೂಟೆ ಹೊತ್ತು ಲಾರಿಯ ಹಲಗೆ ಹತ್ತುವ ಹಮಾಲನನ್ನು ಹಿಂದಿನಿಂದ ನೋಡಿ. ಪಾಠ ಪೂರ್ತಿ ಅಲ್ಲೇ ಇದೆ.

ಉಪ್ಪಿನಕುದ್ರು, ಶಿರಸಿ

ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಕಾಮತ್ ಮನೆತನ ಯಕ್ಷಗಾನದ ಸೂತ್ರದ ಗೊಂಬೆಯಾಟ ನಡೆಸಿಕೊಂಡು ಬಂದಿದೆ. ದೇವಣ್ಣ ಕಾಮತ್, ಆಮೇಲೆ ಕೊಗ್ಗ ಕಾಮತ್, ಅವರ ನಂತರ ಭಾಸ್ಕರ ಕೊಗ್ಗ ಕಾಮತ್. ಇಂಥ ಗೊಂಬೆಗೆ ಹೆಗಲು, ಮೊಣಕೈ, ಸೊಂಟ, ಮೊಣಕಾಲಿನಲ್ಲಿ ಕೀಲು. ಎಳೆಯುವ ದಾರ ಐದರಿಂದ ಏಳು. ಕಷ್ಟದ ಚಲನೆಯಾದರೆ ಒಂದೇ ಗೊಂಬೆಗೆ ಇಬ್ಬರು ಮೂವರು ಬೇಕು. ಕಂಪ್ಯೂಟರಿನ ಹುಡುಗ 'ಮೂಳೆ', 'ಕೀಲು', 'ನಿಯಂತ್ರಣ' ಎಂದು ಕಲಿಯುವ ಪಾಠ ಇಲ್ಲಿ ಮರದಲ್ಲಿದೆ. ಕಾಯಿಲೆಯೂ ಒಂದೇ. ದಾರಕ್ಕೆ ತೂಗುಬಿದ್ದ ಮರದ ಗೊಂಬೆ ಹಗುರ, ಬಿಟ್ಟರೆ ತೇಲುತ್ತದೆ. ಅದನ್ನು ನೆಲಕ್ಕೆ ಊರಿಸಿ, ಇವನು ಭಾರದ ಆಳು ಎಂದು ನಂಬಿಸುವುದು ಸೂತ್ರಧಾರನ ಕೈಚಳಕ.

ಶಿರಸಿಯವರಿಗಂತೂ ಪೇಟೆಯ ನಡುವೆಯೇ ಪಾಠ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ ರಾತ್ರಿ ಬೀದಿಗೆ ಇಳಿಯುತ್ತದೆ. ಬೆನ್ನಿಗೆ ನವಿಲುಗರಿಯ ದೊಡ್ಡ ಬೀಸಣಿಗೆ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದಿರುತ್ತಾರೆ. ತಮಟೆ ಬಿದ್ದಂತೆ ಬೇಡ ಜನರ ಮೇಲೆ ನುಗ್ಗುತ್ತಾನೆ, ಹಗ್ಗದವರು ಜಗ್ಗಿ ನಿಲ್ಲಿಸುತ್ತಾರೆ. ಆ ಹಗ್ಗ ಕತೆಗಾಗಿ ಇದ್ದೀತು, ಆದರೆ ನೋಡುವ ಕಣ್ಣಿಗೆ ಅದು ಮಾಡುವ ಕೆಲಸ ದೊಡ್ಡದು. ಎಳೆತಕ್ಕೆ ಎದುರಾಗಿ ಮೈ ಮುಂದಕ್ಕೆ ವಾಲುತ್ತದೆ, ಪಾದ ನೆಲವನ್ನು ಕಚ್ಚುತ್ತದೆ. ಇವನನ್ನು ಹಿಡಿಯಲು ಇಬ್ಬರು ಬೇಕು ಎಂದಾಗಲೇ ಇವನ ಬಲ ಎಷ್ಟೆಂದು ಮಗುವಿಗೂ ತಿಳಿಯುತ್ತದೆ. ಹಗ್ಗ ಇಲ್ಲದೆ ಅದೇ ಹೆಜ್ಜೆ ಹಾಕಿದರೆ ಅರ್ಧ ಭಯ ಹೋಯಿತು.

ಇನ್ನು ಬಣ್ಣದ ವೇಷ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ ಇಡಲು ತಾಸುಗಟ್ಟಲೆ ಕೂರಬೇಕು. ತಲೆಯ ಮೇಲೆ ದೊಡ್ಡ ಕಿರೀಟ. ಕತ್ತು ಹೊರಳಿಸಿದರೆ ಕಿರೀಟ ಹೋದೀತು, ಆದ್ದರಿಂದ ರಾಕ್ಷಸ ತಿರುಗುವಾಗ ಇಡೀ ಮೈಯೇ ತಿರುಗುತ್ತದೆ. ಕಾಲು ಅಗಲ, ಮೊಣಕಾಲು ಮಡಿಕೆ, ಪಾದ ಪೂರ್ತಿ ನೆಲಕ್ಕೆ. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಆರ್ಭಟ, ಆಮೇಲೆ ಕಿರೀಟದ ತುದಿ, ಆಮೇಲೆ ಬೆನ್ನು, ಎಷ್ಟೋ ಹೊತ್ತಿನ ಮೇಲೆ ಮುಖ. ಚೆಂಡೆಯ ಪೆಟ್ಟಿಗೂ ಪಾದದ ಪೆಟ್ಟಿಗೂ ಕೂದಲೆಳೆಯ ಅಂತರ ಬಾರದು. ಗೇಮಿನ ಹುಡುಗನೂ ಹೆಜ್ಜೆಯ ಸದ್ದನ್ನು ಪಾದ ಊರಿದ ಚಿತ್ರಕ್ಕೇ ಕಟ್ಟಬೇಕು. ಎರಡು ಚಿತ್ರ ತಡವಾದರೂ ಕಿವಿ ಕ್ಷಮಿಸುವುದಿಲ್ಲ.

ಸಂಕಟ ಇಲ್ಲಿದೆ. ರಾತ್ರಿ ಬೆಳಗಾಗುವವರೆಗೆ ನಡೆಯುತ್ತಿದ್ದ ಆಟ ಈಗ ಅನೇಕ ಕಡೆ ಎರಡೂವರೆ-ಮೂರು ತಾಸಿನ ಕಾಲಮಿತಿಗೆ ಇಳಿದಿದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಕಾದವರ ಕಷ್ಟವೂ ಸುಳ್ಳಲ್ಲ. ಆದರೆ ಕತ್ತರಿ ಆಡುವಾಗ ಮೊದಲು ಹೋಗುವುದು ಒಡ್ಡೋಲಗ. ಮಾತು ಬೇಕು, ಹಾಸ್ಯ ಬೇಕು, ಕತೆ ಮುಗಿಯಬೇಕು. ರಾಕ್ಷಸ ಬಂದ ರೀತಿ ಯಾರಿಗೆ ಬೇಕು? ಹಾಗಾಗಿ ಅವನು ಓಡಿ ಬರುತ್ತಾನೆ, ಮಾತಾಡುತ್ತಾನೆ, ಸಾಯುತ್ತಾನೆ. ನಡೆಯುವುದೇ ಇಲ್ಲ. ಬಣ್ಣದ ವೇಷದ ಹೆಜ್ಜೆ ಬಲ್ಲ ಹಿರಿಯನಿಗೆ ಅದನ್ನು ರಂಗದ ಮೇಲೆ ಹಾಕಲು ಅವಕಾಶ ಇಲ್ಲದಿದ್ದರೆ ಕಲಿಯುವವನು ನೋಡುವುದು ಎಲ್ಲಿ?

ಹಳೆಯ ಕೈಗೂ ಹೊಸ ಯಂತ್ರಕ್ಕೂ ಹೊಂದದು ಎನ್ನುವವರಿಗೆ ಹಾಲಿವುಡ್ಡಿನಿಂದಲೇ ಉತ್ತರ ಇದೆ. 1993ರ 'ಜುರಾಸಿಕ್ ಪಾರ್ಕ್' ಚಿತ್ರಕ್ಕೆ ಡೈನೊಸಾರುಗಳನ್ನು ಗೊಂಬೆಗಳಾಗಿ ನಡೆಸಲು ಫಿಲ್ ಟಿಪ್ಪೆಟ್ ಎಂಬ ಗೊಂಬೆ ಕಲಾವಿದ ತಯಾರಾಗಿದ್ದರು. ಅಷ್ಟರಲ್ಲಿ ಕಂಪ್ಯೂಟರ್ ಚಿತ್ರಗಳು ಬಂದು ಗೊಂಬೆಗಳ ಜಾಗ ಹಿಡಿದವು. ಆದರೆ ಕಂಪ್ಯೂಟರ್ ಬಲ್ಲವರಿಗೆ ಪ್ರಾಣಿಯ ನಡಿಗೆ ಗೊತ್ತಿರಲಿಲ್ಲ, ನಡಿಗೆ ಬಲ್ಲವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಟಿಪ್ಪೆಟ್ ಅವರನ್ನು ಮನೆಗೆ ಕಳಿಸಲಿಲ್ಲ, ಪ್ರಾಣಿಗಳ ಚಲನೆ ನೋಡಿಕೊಳ್ಳಲು ಇಟ್ಟುಕೊಂಡರು. ಕೀಲುಕೀಲಿಗೂ ಅಳತೆಯ ಯಂತ್ರ ಕೂರಿಸಿದ ಲೋಹದ ಅಸ್ಥಿಪಂಜರ ಮಾಡಿದರು. ಹಳೆಯ ಕಲಾವಿದ ಅದನ್ನು ಕೈಯಿಂದ ಆಡಿಸಿದರೆ ಅಳತೆ ಕಂಪ್ಯೂಟರಿಗೆ ಹೋಗುತ್ತಿತ್ತು. ಕಂಪ್ಯೂಟರಿನವರಿಗೆ ಮೂಕಾಭಿನಯದ ಕ್ಲಾಸು ನಡೆಯಿತು, ಡೈನೊಸಾರಿನಂತೆ ಓಡಿಸಿದರು ಕೂಡ. ಆ ವರ್ಷದ ಆಸ್ಕರ್ ಹಂಚಿಕೊಂಡವರಲ್ಲಿ ಟಿಪ್ಪೆಟ್ ಒಬ್ಬರು.

ಮಂಚಿಕೇರಿಗೆ ಇದು ತೀರಾ ಹೊಸ ಮಾತೇನಲ್ಲ. 1980ರ ದಶಕದಲ್ಲಿ ನೀನಾಸಂ ಬಳಗದ ಚಿದಂಬರರಾವ್ ಜಂಬೆ ಇಲ್ಲಿಯ ಸಿದ್ದಿ ಜನರನ್ನು ಸೇರಿಸಿಕೊಂಡು, ಆಫ್ರಿಕಾದ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿಸಿದರು. ಡಮಾಮಿ ಬಡಿತಕ್ಕೆ ಕುಣಿದು ಗೊತ್ತಿದ್ದ ಮೈಗಳು ರಂಗಕ್ಕೆ ಬಂದವು. ಮೈಗೆ ಗೊತ್ತಿದ್ದನ್ನು ಬೇರೊಂದು ಕಲೆಗೆ ದಾಟಿಸಬಹುದು ಎಂದು ಈ ಊರು ಆಗಲೇ ಕಂಡಿದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಉಂಟು. ಬೇಡರ ವೇಷ ಬಂದರೆ ಸಾವಿರ ಕೈ ಮೇಲೇಳುತ್ತವೆ. ಚಿತ್ರ ಬೀಳುವುದು ಮೀಸೆಗೆ, ಗರಿಗೆ, ಕತ್ತಿಗೆ. ಸೊಂಟದಿಂದ ಕೆಳಗೆ ಮುಂದಿನವರ ತಲೆ ಅಡ್ಡ. ಆಟಕ್ಕೆ ಹೋದವರ ವಿಡಿಯೊ ನೋಡಿದರೂ ಅದೇ ಪಾಡು, ಮುಖ ಉಂಟು, ಪಾದ ಇಲ್ಲ. ನಮ್ಮ ಉಪ್ಪರಿಗೆಯ ಹುಡುಗನಿಗೆ ಬೇಕಾದದ್ದು ಉಳಿದ ಆ ಅರ್ಧ. ಅವನು ಜನರ ಮುಂದೆ ಹೋಗಿ ನೆಲಕ್ಕೆ ಕೂತು, ಮೊಬೈಲನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು, ಅಲುಗಾಡದೆ ಒಂದೇ ಕಡೆಯಿಂದ ಹತ್ತು ಹೆಜ್ಜೆ ಹಿಡಿದುಕೊಂಡರೆ ಸಾಕು. ಮನೆಗೆ ಬಂದು ಒಂದೊಂದೇ ಚಿತ್ರ ಸರಿಸುತ್ತಾ, ಪಾದ ಊರಿದ್ದು ಯಾವಾಗ, ಮೈ ಕುಸಿದದ್ದು ಎಷ್ಟು ಚಿತ್ರಗಳ ಮೇಲೆ, ಎದ್ದದ್ದು ಯಾವಾಗ ಎಂದು ಎಣಿಸಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಹಿಂದೆ ನಿಂತವರು 'ಯೇ, ಅಡ್ಡ ಕೂರಬೇಡ' ಎಂದು ಬೈದರೆ ಬೈಸಿಕೊಳ್ಳಬೇಕು, ಅಷ್ಟೇ.